ಶಾಲಾ ಬಸ್ಸಿನ ಚಾಲಕ ಕಾರ್ಮಿಕ, ಶಿಕ್ಷಕಿ ಏಕಲ್ಲ?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಂದೇ ದಿನ ಜಾರಿಗೆ ತಂದಿತು. 29 ಹಳೆಯ ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. ಎಲ್ಲರಿಗೂ ನೇಮಕಾತಿ ಪತ್ರ, ಎಲ್ಲರಿಗೂ ಕನಿಷ್ಠ ವೇತನ, ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ಅವಧಿಗೆ ತಕ್ಕಂತೆ ಸಿಗುವ ಇಡುಗಂಟು) ಎಂಬ ಘೋಷಣೆಗಳು ಪತ್ರಿಕೆಗಳಲ್ಲಿ ಬಂದವು. ಅವನ್ನು ಓದಿದ ಖಾಸಗಿ ಶಾಲೆಯ ಶಿಕ್ಷಕರು ಕೇಳುತ್ತಿರುವುದು ಒಂದೇ ಪ್ರಶ್ನೆ: ಈ ‘ಎಲ್ಲರಲ್ಲಿ’ ನಾವೂ ಇದ್ದೇವೆಯೇ?

ಒಂದು ಸಂಹಿತೆಯ ಮಟ್ಟಿಗೆ ಹೌದು, ಇನ್ನೊಂದರ ಮಟ್ಟಿಗೆ ಇರಬಹುದು, ಮತ್ತೊಂದರ ಮಟ್ಟಿಗೆ ಬಹುತೇಕ ಇಲ್ಲ. ಒಬ್ಬರೇ ವ್ಯಕ್ತಿ, ಒಂದೇ ಕೆಲಸ, ಒಂದೇ ಸಂಬಳ. ಆದರೂ ಕಾನೂನಿನ ಒಂದೊಂದು ಪುಟದಲ್ಲಿ ಅವರಿಗೆ ಒಂದೊಂದು ಹೆಸರು. ಹೀಗೇಕೆ ಎಂದು ತಿಳಿಯಲು ಅರ್ಧ ಶತಮಾನಕ್ಕೂ ಹಿಂದೆ ಹೋಗಬೇಕು. ಆ ಕಥೆಯ ನಡುಭಾಗ ನಡೆದದ್ದು ಬೆಂಗಳೂರಿನಲ್ಲಿ.

ಜಲಮಂಡಳಿಯ ದಂಡ ಮತ್ತು ಶಾಲೆಯ ಗೇಟು

1963ರಲ್ಲಿ ದೆಹಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಮಹಿಳಾ ಕಾಲೇಜೊಂದರ ಬಸ್ ಚಾಲಕರು ತಮ್ಮನ್ನು ಕೆಲಸದಿಂದ ತೆಗೆದದ್ದಕ್ಕೆ ಪರಿಹಾರ ಕೇಳಿದ್ದ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಶಿಕ್ಷಣ ‘ಕೈಗಾರಿಕೆ’ ಅಲ್ಲ, ಆದ್ದರಿಂದ ಅಲ್ಲಿ ದುಡಿಯುವ ಯಾರಿಗೂ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಚಾಲಕರು ಸೋತರು.

ಹದಿನೈದು ವರ್ಷಗಳ ನಂತರ ಬೆಂಗಳೂರು ಜಲಮಂಡಳಿಯ ನೌಕರರ ಪ್ರಕರಣ ಬಂತು. ಮಂಡಳಿ ಹಾಕಿದ್ದ ದಂಡವನ್ನು ಅವರು ಪ್ರಶ್ನಿಸಿದ್ದರು. ವಿಷಯ ಸಣ್ಣದು, ಆದರೆ ಅದು ಎಬ್ಬಿಸಿದ ಪ್ರಶ್ನೆ ದೊಡ್ಡದು: ಲಾಭ ನೋಡದ ಸಂಸ್ಥೆಯೂ ಕೈಗಾರಿಕೆಯೇ? 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೌದು ಎಂದಿತು. ಮಾಲೀಕ ಮತ್ತು ನೌಕರರ ಸಹಕಾರದಿಂದ, ವ್ಯವಸ್ಥಿತವಾಗಿ, ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಒದಗುವ ಚಟುವಟಿಕೆ ಕೈಗಾರಿಕೆಯೇ. ಲಾಭದ ಉದ್ದೇಶ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಆಸ್ಪತ್ರೆ ಒಳಗೆ ಬಂತು, ಶಾಲೆಯೂ ಬಂತು. 1963ರ ತೀರ್ಪು ಬಿದ್ದುಹೋಯಿತು.

ಸಂಸತ್ತಿಗೆ ಇದು ಒಗ್ಗಲಿಲ್ಲ. ಶಿಕ್ಷಣ ಸಂಸ್ಥೆ, ಆಸ್ಪತ್ರೆ ಮುಂತಾದವನ್ನು ಕೈಗಾರಿಕೆಯ ವ್ಯಾಖ್ಯೆಯಿಂದ ಹೊರಗಿಡುವ ತಿದ್ದುಪಡಿಯನ್ನು 1982ರಲ್ಲಿ ಅಂಗೀಕರಿಸಿತು. ಹಾಗೆ ಹೊರಗಿಟ್ಟರೆ ಅಲ್ಲಿನ ನೌಕರರ ದೂರು ಕೇಳಲು ಬೇರೊಂದು ವ್ಯವಸ್ಥೆ ಬೇಕಲ್ಲವೇ? ಆ ವ್ಯವಸ್ಥೆ ಹುಟ್ಟಲೇ ಇಲ್ಲ. ಹಾಗಾಗಿ ಕಾಯ್ದೆಯ ಪುಸ್ತಕದಲ್ಲಿ ಅಚ್ಚಾಗಿದ್ದ ಆ ವ್ಯಾಖ್ಯೆ, ಮೂಲ ಕಾಯ್ದೆ ರದ್ದಾಗುವವರೆಗೂ ಜಾರಿಗೆ ಬರಲಿಲ್ಲ.

ಇಲ್ಲಿಗೆ ಶಾಲೆ ಕೈಗಾರಿಕೆಯಾಗಿ ಉಳಿಯಿತು. ಇನ್ನು ಉಳಿದದ್ದು ಅದರ ಗೇಟಿನೊಳಗೆ ಯಾರು ‘ಕಾರ್ಮಿಕ’ ಎಂಬ ಪ್ರಶ್ನೆ.

‘ಉದಾತ್ತ’ ಎಂಬ ಪದದ ಬೆಲೆ

ಗೋವಾದ ಖಾಸಗಿ ಶಾಲೆಯೊಂದರ ಶಿಕ್ಷಕಿಯನ್ನು ಕೆಲಸದಿಂದ ತೆಗೆದ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಉತ್ತರಿಸಿತು. ತೀರ್ಪು ಬರೆದವರು, ಮರುವರ್ಷ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಕನ್ನಡಿಗ ಇ.ಎಸ್. ವೆಂಕಟರಾಮಯ್ಯ. ಕಾಯ್ದೆಯಲ್ಲಿದ್ದ ಕಾರ್ಮಿಕನ ವ್ಯಾಖ್ಯೆ ಕೈಕೆಲಸ, ಕುಶಲ ಅಥವಾ ಅಕುಶಲ ಕೆಲಸ, ತಾಂತ್ರಿಕ, ಮೇಲ್ವಿಚಾರಣೆಯ, ಗುಮಾಸ್ತಿಕೆಯ ಕೆಲಸಗಳನ್ನು ಹೆಸರಿಸುತ್ತಿತ್ತು. ಪಾಠ ಹೇಳುವುದು ಇವುಗಳಲ್ಲಿ ಯಾವುದೂ ಅಲ್ಲ. ಅದು ಉದಾತ್ತ ವೃತ್ತಿ, ಮಕ್ಕಳ ವ್ಯಕ್ತಿತ್ವ ರೂಪಿಸುವ ಕಾಯಕ. ಶಿಕ್ಷಕರು ಆಗೊಮ್ಮೆ ಈಗೊಮ್ಮೆ ಬರವಣಿಗೆಯ ಕೆಲಸ ಮಾಡಿದರೂ ಅದು ಪಾಠಕ್ಕೆ ಅಂಟಿಕೊಂಡದ್ದಷ್ಟೇ. ಆದ್ದರಿಂದ ಶಿಕ್ಷಕರು ಕಾರ್ಮಿಕರಲ್ಲ.

ಇದರ ಫಲ ವಿಚಿತ್ರವಾದದ್ದು. ಶಾಲೆಯ ಬಸ್ ಚಾಲಕ, ಜವಾನ, ಗುಮಾಸ್ತ ಎಲ್ಲರೂ ಕಾರ್ಮಿಕರು. ಕೆಲಸದಿಂದ ತೆಗೆದರೆ ಕಾರ್ಮಿಕ ನ್ಯಾಯಾಲಯದ ಬಾಗಿಲು ತಟ್ಟಬಹುದು. ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ಮಕ್ಕಳ ಮೇಲೆ ಕಣ್ಣಿಟ್ಟು ಬರುವ ಶಿಕ್ಷಕಿಗೆ ಆ ಬಾಗಿಲಿಲ್ಲ. ಶಾಲೆ ಎಂಬ ಕೈಗಾರಿಕೆ ಇರುವುದೇ ಯಾರ ಕೆಲಸದಿಂದಲೋ ಅವರನ್ನು ಬಿಟ್ಟು ಉಳಿದವರಿಗೆಲ್ಲ ರಕ್ಷಣೆ ಸಿಕ್ಕಿತು.

ವೆಂಕಟರಾಮಯ್ಯನವರಿಗೆ ಈ ಅಪಾಯ ಕಾಣದೇ ಇರಲಿಲ್ಲ. ಶಿಕ್ಷಕರನ್ನು ಶೋಷಿಸಲು ಕೆಲವು ಆಡಳಿತ ಮಂಡಳಿಗಳು ಹಿಡಿಯುವ ದಾರಿಗಳು ನ್ಯಾಯಾಲಯಕ್ಕೆ ಗೊತ್ತಿವೆ, ಸಾಮಾಜಿಕ ನ್ಯಾಯವನ್ನು ಈ ವರ್ಗಕ್ಕೆ ನಿರಾಕರಿಸಲಾಗದು, ಅವರಿಗೆ ತಕ್ಕ ವ್ಯವಸ್ಥೆ ಬೇಕು ಎಂದು ಅದೇ ತೀರ್ಪಿನಲ್ಲಿ ಬರೆದರು. ಆದರೆ ಮುಂದಿನ ವರ್ಷಗಳಲ್ಲಿ ಉಲ್ಲೇಖವಾಗುತ್ತ ಬಂದದ್ದು ‘ಉದಾತ್ತ ವೃತ್ತಿ’ಯ ಭಾಗ, ‘ವ್ಯವಸ್ಥೆ ಬೇಕು’ ಎಂಬ ಭಾಗವನ್ನು ನೆನೆದವರು ಕಡಿಮೆ.

ತರ್ಕ ಅಲ್ಲಿಗೇ ನಿಲ್ಲಲಿಲ್ಲ. 1996ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಕನಿಷ್ಠ ವೇತನ ಕಾಯ್ದೆ ಶಿಕ್ಷಕರಿಗೆ ಅನ್ವಯಿಸದು ಎಂದು ತೀರ್ಮಾನವಾಯಿತು. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಸಂಘ ತಂದ ಪ್ರಕರಣದಲ್ಲಿ ಗ್ರಾಚ್ಯುಟಿಯೂ ಕೈತಪ್ಪಿತು. ಕಾರಣ ಅದೇ: ಶಿಕ್ಷಕರು ಕುಶಲರೂ ಅಲ್ಲ, ಅರೆಕುಶಲರೂ ಅಲ್ಲ, ಅಕುಶಲರೂ ಅಲ್ಲ. ವ್ಯಾಕರಣದ ದೃಷ್ಟಿಯಿಂದ ಏನೇ ಇರಲಿ, ಮೂವತ್ತು ವರ್ಷ ಗಣಿತ ಕಲಿಸಿದವರಿಗೆ ಹೇಳಬಹುದಾದ ಮಾತಲ್ಲ ಇದು.

ಈ ಬಾರಿ ಮಾತ್ರ ಸಂಸತ್ತು ಎಚ್ಚೆತ್ತಿತು. 2009ರಲ್ಲಿ ಗ್ರಾಚ್ಯುಟಿ ಕಾಯ್ದೆಯ ‘ನೌಕರ’ ಎಂಬ ವ್ಯಾಖ್ಯೆಯನ್ನು ಯಾವುದೇ ಬಗೆಯ ಕೆಲಸಕ್ಕೂ ಹಿಗ್ಗಿಸಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಜಾರಿ ಮಾಡಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದವು. ಎಂದೋ ಬಿಟ್ಟುಹೋದವರಿಗೆ ಈಗ ಹಣ ಎಲ್ಲಿಂದ ತರೋಣ ಎಂಬುದು ಅವುಗಳ ವಾದ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದು, ಗ್ರಾಚ್ಯುಟಿ ಎಂಬುದು ಆಡಳಿತ ಮಂಡಳಿ ಕೊಡುವ ದಾನವಲ್ಲ, ಸೇವೆಯ ಷರತ್ತು ಎಂದಿತು. 2004ರಲ್ಲಿ ಸೋತ ಸಂಘ, ತೀರ್ಪು, ತಿದ್ದುಪಡಿ, ಮತ್ತೆ ತೀರ್ಪು: ಇಷ್ಟಕ್ಕೆ ಹಿಡಿದದ್ದು ಹದಿನೆಂಟು ವರ್ಷ.

ಸಂಹಿತೆಗಳ ಅಕ್ಷರ ಹೇಳುವುದೇನು

ಈ ಹಿನ್ನೆಲೆಯಲ್ಲಿ ಹೊಸ ಸಂಹಿತೆಗಳನ್ನು ಓದಿದರೆ ಗೊಂದಲದ ಬೇರು ಕಾಣುತ್ತದೆ. ಅವುಗಳಲ್ಲಿ ‘ನೌಕರ’ ಮತ್ತು ‘ಕಾರ್ಮಿಕ’ ಎಂಬ ಎರಡು ಪದಗಳು ಬೇರೆ ಬೇರೆಯಾಗಿಯೇ ಉಳಿದಿವೆ.

ಸಾಮಾಜಿಕ ಭದ್ರತಾ ಸಂಹಿತೆಯ ‘ನೌಕರ’ ಪದ ಅತ್ಯಂತ ವಿಶಾಲವಾದದ್ದು. ಕುಶಲ, ಅಕುಶಲ, ವ್ಯವಸ್ಥಾಪಕ, ಆಡಳಿತಾತ್ಮಕ ಎಂದೆಲ್ಲ ಪಟ್ಟಿ ಮಾಡಿ ಕೊನೆಗೆ ‘ಇತರ ಯಾವುದೇ ಕೆಲಸ’ವನ್ನೂ ಸೇರಿಸಿಕೊಳ್ಳುತ್ತದೆ. ಶಿಕ್ಷಕರು ಇದರೊಳಗೆ ಬರುತ್ತಾರೆ. ಗ್ರಾಚ್ಯುಟಿ, ಭವಿಷ್ಯ ನಿಧಿ, ಹೆರಿಗೆ ಸೌಲಭ್ಯಗಳೆಲ್ಲ ಇರುವುದು ಈ ಸಂಹಿತೆಯಲ್ಲಿ. ನೌಕರರ ಸಂಖ್ಯೆಯ ಮಿತಿ ದಾಟಿದ ಶಾಲೆ ಇನ್ನು ‘ಪಾಠ ಹೇಳುವುದು ಕೆಲಸವಲ್ಲ’ ಎಂಬ ವಾದ ಹೂಡುವುದು ಕಷ್ಟ.

ವೇತನ ಸಂಹಿತೆಯ ಪಟ್ಟಿಯಲ್ಲಿ ಆ ‘ಇತರ ಯಾವುದೇ ಕೆಲಸ’ ಎಂಬ ಬಾಲ ಇಲ್ಲ. ಕುಶಲ, ಕೈಕೆಲಸ, ಮೇಲ್ವಿಚಾರಣೆ, ವ್ಯವಸ್ಥಾಪನೆ, ಆಡಳಿತ, ತಾಂತ್ರಿಕ, ಗುಮಾಸ್ತಿಕೆ ಎಂದು ಹೆಸರಿಸಿ ನಿಲ್ಲುತ್ತದೆ. ಹಳೆಯ ಕಾಯ್ದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗಷ್ಟೇ ಕನಿಷ್ಠ ವೇತನ ಕೊಡಿಸುತ್ತಿತ್ತು, ಹೊಸತು ಎಲ್ಲ ನೌಕರರಿಗೂ ಕೊಡಿಸುತ್ತದೆ ಎಂಬುದು ನಿಜವಾದ ಸುಧಾರಣೆ. ಆದರೆ 1996ರ ತೀರ್ಪನ್ನು ಕೈಯಲ್ಲಿ ಹಿಡಿದ ವಕೀಲರೊಬ್ಬರು ‘ಬೋಧನೆ ಈ ಪಟ್ಟಿಯಲ್ಲಿ ಎಲ್ಲಿದೆ ತೋರಿಸಿ’ ಎಂದರೆ ಉತ್ತರ ಸುಲಭವಿಲ್ಲ.

ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಬಾಗಿಲು ಇನ್ನೂ ಕಿರಿದು. ವಜಾ, ಮುಷ್ಕರ, ಸಂಧಾನ, ನ್ಯಾಯಮಂಡಳಿ ಎಲ್ಲವೂ ‘ಕಾರ್ಮಿಕ’ ಎಂಬ ಪದದ ಸುತ್ತ ಸುತ್ತುತ್ತವೆ. ಅದರ ವ್ಯಾಖ್ಯೆ 1988ರಲ್ಲಿ ನ್ಯಾಯಾಲಯ ಓದಿದ ವ್ಯಾಖ್ಯೆಯ ಮೊಮ್ಮಗ. ಪತ್ರಕರ್ತರನ್ನು, ಔಷಧ ಕಂಪನಿಗಳ ಮಾರಾಟ ಪ್ರತಿನಿಧಿಗಳಂಥವರನ್ನು ಹೆಸರು ಹಿಡಿದು ಒಳಗೆ ಸೇರಿಸಿರುವ ಸಂಹಿತೆ, ಶಿಕ್ಷಕರನ್ನು ಸೇರಿಸಿಲ್ಲ. ಮೂವತ್ತೆರಡು ವರ್ಷ ಹಳೆಯ ತೀರ್ಪು ಕಣ್ಣೆದುರಿಗೆ ಇದ್ದಾಗ 2020ರಲ್ಲಿ ಬರೆದ ಕಾನೂನಿದು. ಮರೆತು ಬಿಟ್ಟದ್ದು ಎಂದು ಹೇಳುವಂತಿಲ್ಲ.

ಇನ್ನೊಂದು ತಿರುವಿದೆ, ಬಹಳ ಜನ ಗಮನಿಸದೇ ಇರುವಂಥದ್ದು. ದತ್ತಿ, ಸಾಮಾಜಿಕ ಅಥವಾ ಪರೋಪಕಾರಿ ಸೇವೆಯಲ್ಲಿ ಪೂರ್ಣವಾಗಿ ಇಲ್ಲವೇ ಬಹುಪಾಲು ತೊಡಗಿರುವ ಸಂಸ್ಥೆಗಳು ನಡೆಸುವ ಘಟಕಗಳನ್ನು ಈ ಸಂಹಿತೆ ‘ಕೈಗಾರಿಕೆ’ಯಿಂದಲೇ ಹೊರಗಿಟ್ಟಿದೆ. ನಮ್ಮ ಖಾಸಗಿ ಶಾಲೆಗಳು ನಡೆಯುವುದು ಟ್ರಸ್ಟ್‌ಗಳ, ಸೊಸೈಟಿಗಳ ಹೆಸರಿನಲ್ಲಿ. ವರ್ಷಕ್ಕೆ ಲಕ್ಷಾಂತರ ರೂಪಾಯಿ ಶುಲ್ಕ ಪಡೆಯುವ ಶಾಲೆಯೂ ಕಾಗದದ ಮೇಲೆ ದತ್ತಿ ಸಂಸ್ಥೆಯೇ. ಅವು ಈ ವಿನಾಯಿತಿಯನ್ನು ಕೇಳಿ ಗೆದ್ದರೆ ಏನಾಗುತ್ತದೆ? ಶಿಕ್ಷಕಿಗೆ ಚಾಲಕನ ರಕ್ಷಣೆ ಸಿಗುವ ಬದಲು, ಚಾಲಕನೂ ಶಿಕ್ಷಕಿಯ ಸಾಲಿಗೆ ಬಂದು ನಿಲ್ಲುತ್ತಾನೆ. ಸಮಾನತೆ ಬರುವುದೇನೋ ಹೌದು, ಆದರೆ ತಲೆಕೆಳಗಾಗಿ.

ಎದುರುವಾದವೂ ಇದೆ. 1982ರ ತಿದ್ದುಪಡಿ ಶಿಕ್ಷಣ ಸಂಸ್ಥೆಗಳನ್ನು ಹೆಸರು ಹೇಳಿ ಹೊರಗಿಟ್ಟಿತ್ತು. 2020ರ ಸಂಹಿತೆ ಹಾಗೆ ಮಾಡಿಲ್ಲ. ಅಂದರೆ ಎಲ್ಲ ಶಾಲೆಗಳನ್ನೂ ಹೊರಗಿಡುವ ಉದ್ದೇಶ ಸಂಸತ್ತಿಗೆ ಇರಲಿಲ್ಲ ಎಂದು ವಾದಿಸಬಹುದು. 1978ರ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಅದು ಹಳೆಯ ಕಾಯ್ದೆಯ ಕುರಿತಾದದ್ದು. ಹೊಸ ಸಂಹಿತೆಯ ದತ್ತಿ ವಿನಾಯಿತಿಯ ಅರ್ಥವನ್ನು ಪ್ರತ್ಯೇಕವಾಗಿಯೇ ತೀರ್ಮಾನಿಸಬೇಕಾಗುತ್ತದೆ.

ಆಡಳಿತ ಮಂಡಳಿಗಳ ಮಾತಿನಲ್ಲಿ ಹುರುಳಿಲ್ಲವೇ?

ಇದೆ. ಖಾಸಗಿ ಶಾಲೆ ಎಂದೊಡನೆ ಬೆಂಗಳೂರಿನ ಹವಾನಿಯಂತ್ರಿತ ಕಟ್ಟಡವನ್ನೇ ನೆನೆಯುವುದು ಸರಿಯಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಬಾಡಿಗೆ ಕಟ್ಟಡದಲ್ಲಿ ನಡೆಯುವ, ಶುಲ್ಕ ಕಂತಿನಲ್ಲಿ ಬಂದರೆ ಪುಣ್ಯ ಎನ್ನುವ ಶಾಲೆಗಳೇ ಹೆಚ್ಚು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಒಟ್ಟು ಸಂಬಳದ ಕನಿಷ್ಠ ಅರ್ಧದಷ್ಟನ್ನು ‘ವೇತನ’ ಎಂದು ಲೆಕ್ಕ ಹಿಡಿಯಬೇಕೆಂದು ಸಂಹಿತೆಗಳು ಹೇಳುತ್ತವೆ. ಇದುವರೆಗೆ ಭತ್ಯೆಗಳ ಹೆಸರಿನಲ್ಲಿ ಸಂಬಳ ಹಂಚಿ, ಮೂಲ ವೇತನವನ್ನು ಸಣ್ಣದಾಗಿಟ್ಟವರಿಗೆ ಗ್ರಾಚ್ಯುಟಿಯ ಹೊರೆ ಏರುತ್ತದೆ. ಶುಲ್ಕ ಏರಿಸಿದರೆ ಪೋಷಕರು ಸಿಟ್ಟಾಗುತ್ತಾರೆ, ಏರಿಸದಿದ್ದರೆ ಸಂಬಳ ಏರದು. ಮಕ್ಕಳ ಸಂಖ್ಯೆ ಪ್ರತಿ ಜೂನ್‌ನಲ್ಲೂ ಬದಲಾಗುವಾಗ ಎಲ್ಲರನ್ನೂ ಕಾಯಂ ಇಟ್ಟುಕೊಳ್ಳುವುದು ಹೇಗೆ ಎಂದೂ ಕೇಳುತ್ತಾರೆ.

ಒಪ್ಪತಕ್ಕ ಮಾತು. ಆದರೆ ಏರಿಳಿತದ ಭಾರವನ್ನೆಲ್ಲ ಶಿಕ್ಷಕರ ಹೆಗಲಿಗೇ ಹಾಕುವ ಪದ್ಧತಿ ಬೆಳೆದುಬಿಟ್ಟಿದೆ. ಜೂನ್‌ನಿಂದ ಏಪ್ರಿಲ್‌ವರೆಗೆ ಒಪ್ಪಂದ, ಬೇಸಿಗೆ ರಜೆಗೆ ಸಂಬಳವಿಲ್ಲ, ಮತ್ತೆ ಜೂನ್‌ಗೆ ಹೊಸ ಒಪ್ಪಂದ. ನಿಗದಿತ ಅವಧಿಯ ನೌಕರರಿಗೆ ಗ್ರಾಚ್ಯುಟಿ ಸಿಗಲು ಒಪ್ಪಂದದಡಿ ಒಂದು ವರ್ಷದ ಸೇವೆ ಆಗಿರಬೇಕು. ಹನ್ನೊಂದು ತಿಂಗಳ ಒಪ್ಪಂದದ ಗುಟ್ಟು ಈಗ ಇನ್ನಷ್ಟು ಬೆಲೆಯುಳ್ಳದ್ದಾಗುತ್ತದೆ. ಐದು ವರ್ಷದ ಮಿತಿ ಒಂದಕ್ಕಿಳಿದಾಗ, ತಪ್ಪಿಸಿಕೊಳ್ಳಲು ಬೇಕಾದದ್ದು ಒಂದೇ ತಿಂಗಳ ವಿರಾಮ.

ಸರ್ಕಾರ ಈ ವಿಷಯದಲ್ಲಿ ಖಾಸಗಿಯವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲೂ ಇಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಹತ್ತಾರು ಸಾವಿರ ಅತಿಥಿ ಶಿಕ್ಷಕರು ಪಾಠ ಮಾಡುತ್ತಿದ್ದಾರೆ. 2025–26ರ ಬಜೆಟ್ ಅವರ ಗೌರವಧನಕ್ಕೆ 2,000 ರೂಪಾಯಿ ಸೇರಿಸಿದ ಮೇಲೂ ಪ್ರಾಥಮಿಕ ಶಾಲೆಯವರಿಗೆ ಸಿಗುವುದು ತಿಂಗಳಿಗೆ 12,000. ಹೆಸರನ್ನೇ ನೋಡಿ: ‘ಅತಿಥಿ’, ‘ಗೌರವಧನ’. ಅತಿಥಿ ಸಂಬಳ ಕೇಳುವಂತಿಲ್ಲ, ಗೌರವಕ್ಕೆ ದರ ಕಟ್ಟುವಂತಿಲ್ಲ.

ಕರ್ನಾಟಕದಲ್ಲಿ ತೆರೆದಿರುವ ಬಾಗಿಲು

ಕಾರ್ಮಿಕ ನ್ಯಾಯಾಲಯ ಇಲ್ಲದಿದ್ದರೂ ರಾಜ್ಯದ ಖಾಸಗಿ ಶಾಲಾ ಶಿಕ್ಷಕರು ಪೂರ್ತಿ ಅನಾಥರಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಕಲಮಿನ ಪ್ರಕಾರ ವಿಚಾರಣೆ ನಡೆಸದೆ ನೌಕರರನ್ನು ವಜಾ ಮಾಡುವಂತಿಲ್ಲ, ಹುದ್ದೆಯಿಂದ ಇಳಿಸುವಂತಿಲ್ಲ. ಹಾಗೆ ಮಾಡಿದರೆ 94ನೇ ಕಲಮಿನಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲಾ ನ್ಯಾಯಾಧೀಶರೇ ಆ ನ್ಯಾಯಮಂಡಳಿ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳನ್ನು ಈ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟದ್ದರಿಂದ ಅಲ್ಲಿನವರು ಖಾಸಗಿ ಶಿಕ್ಷಣ ಸಂಸ್ಥೆಗಳ ಕುರಿತಾದ 1975ರ ಇನ್ನೊಂದು ಕಾಯ್ದೆಯ ಮೊರೆ ಹೋಗಬೇಕಾಗುತ್ತದೆ. ದೂರು ಕೊಡುವ ಮೊದಲು ಎಲ್ಲಿ ಕೊಡಬೇಕೆಂದು ತಿಳಿಯಲೇ ವಕೀಲರು ಬೇಕು. ಗಡಿಯಾರ ಮಾತ್ರ ಮೂರು ತಿಂಗಳ ಕಡೆಗೆ ಓಡುತ್ತಿರುತ್ತದೆ.

ನ್ಯಾಯಮಂಡಳಿಯ ಮುಂದೆ ನಿಂತವರಿಗೆ ಎದುರಾಗುವ ಮೊದಲ ಪ್ರಶ್ನೆ ‘ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ದಾಖಲೆ ಏನು?’ ಎಂಬುದು. ನೇಮಕಾತಿ ಪತ್ರ ಕೊಡದ, ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವ, ಸೇರುವ ದಿನವೇ ದಿನಾಂಕವಿಲ್ಲದ ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳುವ ಶಾಲೆಗಳ ಬಗ್ಗೆ ದೂರುಗಳು ಹೊಸತಲ್ಲ. ಪತ್ರವಿಲ್ಲದಿದ್ದರೆ ವಜಾ ಎಂಬುದೇ ಸಾಬೀತಾಗದು. ‘ಅವರೇ ಬಿಟ್ಟುಹೋದರು’ ಎಂದರೆ ಮುಗಿಯಿತು. ಆದ್ದರಿಂದ ಹೊಸ ಸಂಹಿತೆಗಳಿಂದ ಶಿಕ್ಷಕರಿಗೆ ಆಗಬಹುದಾದ ಅತಿ ದೊಡ್ಡ ಉಪಕಾರ ನೇಮಕಾತಿ ಪತ್ರದ ನಿಯಮವೇ ಎಂದು ನನ್ನ ಎಣಿಕೆ. ಹಣದ ಲಾಭ ಅದರಲ್ಲಿ ಇಲ್ಲ, ಆದರೆ ಉಳಿದ ಹಕ್ಕುಗಳನ್ನು ಕೇಳಲು ಬೇಕಾದ ಸಾಕ್ಷ್ಯ ಅದು.

ಆ ನಿಯಮ ಇರುವುದು ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ. ಅಲ್ಲಿಯೂ ಒಂದು ಸಿಕ್ಕಿದೆ. ಸಂಹಿತೆ ಅನ್ವಯಿಸಬೇಕಾದರೆ ಸಂಸ್ಥೆಯಲ್ಲಿ ಹತ್ತು ಅಥವಾ ಹೆಚ್ಚು ‘ಕಾರ್ಮಿಕರು’ ಇರಬೇಕು. ಪತ್ರ ಕೊಡಬೇಕಾದದ್ದು ಪ್ರತಿ ‘ನೌಕರ’ನಿಗೆ. ಮೂವತ್ತು ಶಿಕ್ಷಕರು, ಆರು ಜನ ಇತರ ಸಿಬ್ಬಂದಿ ಇರುವ ಶಾಲೆಯಲ್ಲಿ ಎಣಿಸಬೇಕಾದದ್ದು ಮೂವತ್ತಾರೋ, ಆರೋ? ಶಿಕ್ಷಕರು ಕಾರ್ಮಿಕರಲ್ಲ ಎಂದಾದರೆ ಆರು.

ಸೂರು, ಗಂಟಲು ಮತ್ತು ಗೇಟಿನ ಹೊರಗಿನ ಸಿಟ್ಟು

ಕೆಲಸದ ಸ್ಥಳದ ಸುರಕ್ಷತೆ ಎಂದಾಗ ಯಂತ್ರ, ರಾಸಾಯನಿಕ, ಎತ್ತರದ ಕಟ್ಟಡಗಳು ನೆನಪಾಗುತ್ತವೆ, ಶಾಲೆ ನೆನಪಾಗುವುದಿಲ್ಲ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಕೂಡಲೇ ಆದ ಕ್ರಮವೆಂದರೆ ಶಿಕ್ಷಕರ ಅಮಾನತು. ಶಿಕ್ಷಕರ ಹೊಣೆಯೇ ಇಲ್ಲವೆಂದಲ್ಲ. ಆದರೆ ಕಟ್ಟಡ ಕಟ್ಟಿಸುವುದು, ದುರಸ್ತಿಗೆ ಹಣ ಬಿಡುಗಡೆ ಮಾಡುವುದು, ಶಿಥಿಲವೆಂದು ಘೋಷಿಸುವುದು ಯಾವುದೂ ಅವರ ಕೈಯಲ್ಲಿಲ್ಲ. ಸೋರುವ ಕೋಣೆಯಲ್ಲಿ ಮಕ್ಕಳನ್ನು ಕೂರಿಸದಿದ್ದರೆ ಪಾಠ ನಿಲ್ಲಿಸಿದ ತಪ್ಪು, ಕೂರಿಸಿದರೆ ಅಪಾಯಕ್ಕೆ ಒಡ್ಡಿದ ತಪ್ಪು.

ಸನ್ನಿಹಿತ ಅಪಾಯ ಕಂಡಾಗ ಮಾಲೀಕರಿಗೂ ಇನ್‌ಸ್ಪೆಕ್ಟರ್‌ಗೂ ತಿಳಿಸುವ, ಕೂಡಲೇ ಕ್ರಮ ಕೇಳುವ ಹಕ್ಕನ್ನು ಸುರಕ್ಷತಾ ಸಂಹಿತೆ ನೌಕರರಿಗೆ ಕೊಡುತ್ತದೆ. ಶಾಲೆಗೆ ಅದು ಅನ್ವಯಿಸುವುದೇ ಎಂಬ ಪ್ರಶ್ನೆ ಬರಿಯ ಪದಗಳ ಜಗಳವಲ್ಲ ಎನ್ನುವುದು ಈ ಕಾರಣಕ್ಕೆ. ದಿನಕ್ಕೆ ಏಳು ಅವಧಿ ನಿಂತು, ಅರವತ್ತು ಮಕ್ಕಳಿಗೆ ಕೇಳುವಂತೆ ಕೂಗಿ ಗಂಟಲು ಕೆಡಿಸಿಕೊಂಡವರ ತೊಂದರೆಯನ್ನು ಔದ್ಯೋಗಿಕ ಕಾಯಿಲೆ ಎಂದು ಗುರುತಿಸುವ ಮಾತು ದೂರವೇ ಉಳಿಯಿತು.

ಪೋಷಕರು ನುಗ್ಗಿ ಹೊಡೆದರೆ? ಸರ್ಕಾರಿ ಶಿಕ್ಷಕರಿಗೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು ಇದೆ. ಸಾರ್ವಜನಿಕ ಸೇವಕರ ಕರ್ತವ್ಯಕ್ಕೆ ಅಡ್ಡಿಪಡಿಸಲು ನಡೆಸುವ ಹಲ್ಲೆಗೆ ಅದು ಪ್ರತ್ಯೇಕ ಶಿಕ್ಷೆ ಹೇಳುತ್ತದೆ. ವೈದ್ಯರಿಗೆ, ದಾದಿಯರಿಗೆ 2009ರ ರಾಜ್ಯ ಕಾಯ್ದೆ ಇದೆ. ಖಾಸಗಿ ಶಾಲೆಯ ಶಿಕ್ಷಕರಿಗೆ ಎರಡೂ ಇಲ್ಲ. ಬೀದಿಯಲ್ಲಿ ಹೊಡೆತ ತಿಂದವರಿಗೆ ಇರುವ ಕಾನೂನೇ ಅವರಿಗೂ. ಇನ್ನು ದೂರು ಕೊಡಲು ಶಾಲೆಯವರೇ ಬಿಡುವುದಿಲ್ಲ, ಹೆಸರು ಕೆಡುತ್ತದೆಂದು.

ಒಂದು ಕಾನೂನು ಮಾತ್ರ ಈ ಹೆಸರಿನ ಜಂಜಾಟಕ್ಕೆ ಸಿಗದೆ ನೇರವಾಗಿದೆ: ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಕಾಯಂ, ತಾತ್ಕಾಲಿಕ, ದಿನಗೂಲಿ, ಸ್ವಯಂಸೇವಕಿ ಎಲ್ಲರೂ ಅದರಲ್ಲಿ ನೌಕರರೇ. ಶಿಕ್ಷಣ ಸಂಸ್ಥೆಯನ್ನು ಕೆಲಸದ ಸ್ಥಳವೆಂದು ಹೆಸರಿಸಿಯೇ ಹೇಳಿದೆ, ಸಂಸ್ಥೆ ಒದಗಿಸುವ ವಾಹನವನ್ನೂ ಸೇರಿಸಿದೆ. ಹತ್ತಕ್ಕಿಂತ ಕಡಿಮೆ ಜನರಿರುವ ಶಾಲೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ವ್ಯಾಖ್ಯೆಯನ್ನು ಮನಸ್ಸಿಟ್ಟು ಬರೆದರೆ ಅಸ್ಪಷ್ಟತೆಗೆ ಜಾಗವಿರುವುದಿಲ್ಲ ಎಂಬುದಕ್ಕೆ ಇದೇ ಉದಾಹರಣೆ.

ಸರ್ಕಾರಿ ಶಿಕ್ಷಕರ ಕಷ್ಟ ಬೇರೆ ಬಗೆಯದು

ಅವರಿಗೆ ಕೆಲಸದ ಭದ್ರತೆ ಇದೆ, ಪ್ರಬಲ ಸಂಘವಿದೆ. ಆದರೆ ಅವರ ಕೆಲಸದ ಸ್ಥಳದ ಗಡಿಯೇ ಅಳಿಸಿಹೋಗಿದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಈ ಮೂರರಲ್ಲಿ ಯಾವುದೂ ಅಲ್ಲ. ದಸರಾ ರಜೆಯಲ್ಲಿ ಮಾಡಿಸುತ್ತಿದ್ದೇವೆ, ಗೌರವಧನ ಕೊಡುತ್ತಿದ್ದೇವೆ ಎಂಬುದು ಸರ್ಕಾರದ ಸಮರ್ಥನೆ. ಕೆಲಸ ಮುಗಿಯದಾಗ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಲಾಯಿತು. ರಜೆಯಲ್ಲಿ ಸಮೀಕ್ಷೆ ಎಂದು ಶುರುವಾದದ್ದು, ಸಮೀಕ್ಷೆಗಾಗಿ ರಜೆ ಎಂದಾಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಹನ್ನೆರಡು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆಯಿತು. ಒತ್ತಡಕ್ಕೆ ಸಿಕ್ಕಿ ಮತಗಟ್ಟೆ ಮಟ್ಟದ ಅಧಿಕಾರಿಗಳು ಸತ್ತ ವರದಿಗಳು ಹಲವು ಕಡೆಯಿಂದ ಬಂದವು. ಅವರಲ್ಲಿ ಶಿಕ್ಷಕರೂ ಇದ್ದರು. ಕೆಲಸದಲ್ಲಿ ತಪ್ಪಿದವರ ಮೇಲೆ 1950ರ ಜನಪ್ರತಿನಿಧಿ ಕಾಯ್ದೆಯ 32ನೇ ಕಲಮಿನಡಿ ಮೊಕದ್ದಮೆಗಳೂ ಆದವು. ಅದರಲ್ಲಿ ಕನಿಷ್ಠ ಶಿಕ್ಷೆ ಮೂರು ತಿಂಗಳ ಸೆರೆವಾಸ. ಡಿಸೆಂಬರ್ 4ರಂದು ಸುಪ್ರೀಂ ಕೋರ್ಟ್ ಹೆಚ್ಚುವರಿ ಸಿಬ್ಬಂದಿ ಕೊಟ್ಟು ಕೆಲಸದ ಹೊರೆ ಇಳಿಸಿ, ಸಕಾರಣವಿರುವವರಿಗೆ ವಿನಾಯಿತಿ ನೀಡಿ ಬದಲಿಯವರನ್ನು ಹಾಕಿ ಎಂದು ರಾಜ್ಯಗಳಿಗೆ ಸೂಚಿಸಿತು. ಗಮನಿಸಬೇಕಾದ ವಿಷಯ: ಅಷ್ಟು ಹೊತ್ತಿಗೆ ಈ ಪರಿಹಾರ ಕೊಡಬೇಕಾದವರು ಯಾರು ಎಂಬುದೇ ಸ್ಪಷ್ಟವಿರಲಿಲ್ಲ. ಸಂಬಳ ಕೊಡುವುದು ಶಿಕ್ಷಣ ಇಲಾಖೆ, ಕೆಲಸ ಹೇಳುವುದು ಚುನಾವಣಾ ಆಯೋಗ, ನೋಟಿಸ್ ಕೊಡುವುದು ಜಿಲ್ಲಾಡಳಿತ. ಮೂವರು ಯಜಮಾನರಿದ್ದಲ್ಲಿ ಅಪಘಾತಕ್ಕೆ ಯಜಮಾನರೇ ಇರುವುದಿಲ್ಲ. 2027ರ ಜನಗಣತಿಯ ಮೊದಲ ಹಂತ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ನಿಗದಿಯಾದದ್ದರಿಂದ, ಒಂದರ ಹಿಂದೊಂದರಂತೆ ಮನೆ ಮನೆ ಸುತ್ತುವ ಪಾಳಿ ಮತ್ತೆ ಅವರದೇ.

ಸಂಘ ಎಣಿಸಿದ ಹೆಣಗಳು

ಸಂಘ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ 2021ರ ಪಂಚಾಯತ್ ಚುನಾವಣೆಗಿಂತ ಸ್ಪಷ್ಟ ನಿದರ್ಶನ ಸಿಗಲಾರದು. ಕೋವಿಡ್ ಎರಡನೇ ಅಲೆಯ ನಡುವೆ ಶಿಕ್ಷಕರನ್ನು ಮತಗಟ್ಟೆಗಳಿಗೆ ಕಳಿಸಲಾಯಿತು. ನಂತರ ಪ್ರಾಥಮಿಕ ಶಿಕ್ಷಕರ ಸಂಘ 1,621 ಜನ ಸತ್ತಿದ್ದಾರೆ ಎಂದು ಜಿಲ್ಲಾವಾರು ಪಟ್ಟಿ ಕೊಟ್ಟಿತು. ಸರ್ಕಾರ ಹೇಳಿದ ಸಂಖ್ಯೆ ಮೂರು. ಎರಡರ ನಡುವಿನ ಅಂತರಕ್ಕೆ ಕಾರಣ ನಿಯಮ: ಮನೆಯಿಂದ ಹೊರಟು ಮತ್ತೆ ಮನೆ ಸೇರುವವರೆಗಿನ ಸಾವು ಮಾತ್ರ ‘ಚುನಾವಣಾ ಕರ್ತವ್ಯದ ಸಾವು’. ಸೋಂಕು ತಗುಲಿದವರು ಮತಗಟ್ಟೆಯಲ್ಲಿ ಸಾಯುವುದಿಲ್ಲ, ಹತ್ತಿಪ್ಪತ್ತು ದಿನದ ನಂತರ ಆಸ್ಪತ್ರೆಯಲ್ಲಿ ಸಾಯುತ್ತಾರೆ. ಒತ್ತಡ ಬಂದ ಮೇಲೆ ಕರ್ತವ್ಯದ ದಿನದಿಂದ 30 ದಿನದೊಳಗಿನ ಸಾವನ್ನೂ ಲೆಕ್ಕಕ್ಕೆ ಹಿಡಿಯುವಂತೆ ನಿಯಮ ಬದಲಾಯಿತು. ಶಿಕ್ಷಕರೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ನೌಕರರ ಕುಟುಂಬಗಳಿಗೆ ತಲಾ 30 ಲಕ್ಷ ರೂಪಾಯಿ ಮಂಜೂರಾಯಿತು. ಸಂಘದ ಪಟ್ಟಿ ಇರದಿದ್ದರೆ ಮೂರು ಎಂಬ ಸಂಖ್ಯೆಯೇ ಇತಿಹಾಸವಾಗಿ ಉಳಿಯುತ್ತಿತ್ತು.

ಕರ್ನಾಟಕದಲ್ಲೂ ಸಂಖ್ಯೆಯ ಬಲಕ್ಕೆ ಉದಾಹರಣೆ ಇದೆ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಆದರೂ 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದಾಗ ಅದೇ ದಿನ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಣೆಯಾಯಿತು. ಹಕ್ಕು ಇಲ್ಲದಿದ್ದರೂ ಬಲ ಇತ್ತು.

ಖಾಸಗಿ ಶಿಕ್ಷಕರಿಗೆ ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ, ಯಾರೂ ಕಸಿಯುವಂತಿಲ್ಲ. ಬಲ ಮಾತ್ರ ಇಲ್ಲ. ಒಂದೊಂದು ಶಾಲೆಯಲ್ಲಿ ಹದಿನೈದಿಪ್ಪತ್ತು ಜನ, ಎಲ್ಲರ ಒಪ್ಪಂದವೂ ಏಪ್ರಿಲ್‌ಗೆ ಮುಗಿಯುತ್ತದೆ. ಸಂಘದ ಮಾತೆತ್ತಿದವರಿಗೆ ಜೂನ್‌ನಲ್ಲಿ ಕರೆ ಬರದಿದ್ದರೆ ಅದು ವಜಾ ಅಲ್ಲ, ಒಪ್ಪಂದದ ಮುಕ್ತಾಯ. ಸಂಘ ಸೇರಿದ್ದಕ್ಕೆ ಶಿಕ್ಷಿಸುವುದನ್ನು ಅನ್ಯಾಯದ ಪದ್ಧತಿ ಎಂದು ಕೈಗಾರಿಕಾ ಸಂಬಂಧಗಳ ಸಂಹಿತೆ ನಿಷೇಧಿಸಿದೆ ನಿಜ. ಆದರೆ ಆ ರಕ್ಷಣೆಯೂ ‘ಕಾರ್ಮಿಕ’ರಿಗೆ.

ರಾಜಕೀಯದ ದಾರಿಯೂ ಅರ್ಧ ಮುಚ್ಚಿದೆ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಆರಿಸಿಬರುವ ಏಳು ಸ್ಥಾನಗಳಿವೆ. ಅಲ್ಲಿ ಮತ ಹಾಕಲು ಪ್ರೌಢಶಾಲೆಗಿಂತ ಕೆಳಗಿನವರಿಗೆ ಅರ್ಹತೆ ಇಲ್ಲ. ಅಕ್ಷರ ತಿದ್ದಿಸುವವರು ಸಂವಿಧಾನದ ದೃಷ್ಟಿಯಲ್ಲಿ ಆ ಮಟ್ಟಿಗೆ ಶಿಕ್ಷಕರೂ ಅಲ್ಲ.

ಮುಂದೆ ಏನಾಗಬಹುದು

ಹೊಸ ಸಂಹಿತೆಗಳಡಿ ಶಿಕ್ಷಕರ ಗ್ರಾಚ್ಯುಟಿ, ಭವಿಷ್ಯ ನಿಧಿಯ ವಿಷಯದಲ್ಲಿ ದೊಡ್ಡ ಜಗಳ ಏಳುವ ಸಂಭವ ಕಡಿಮೆ. 2022ರ ತೀರ್ಪು ಅಲ್ಲಿ ಬೆನ್ನಿಗಿದೆ. ಜಗಳ ಏಳುವುದು ಎರಡು ಕಡೆ. ಟ್ರಸ್ಟ್ ನಡೆಸುವ ಶಾಲೆ ಕೈಗಾರಿಕೆಯೇ ಎಂಬುದು ಮೊದಲನೆಯದು. ಅದನ್ನು ನ್ಯಾಯಾಲಯಕ್ಕೆ ಒಯ್ಯುವವರು ಬಹುಶಃ ಶಿಕ್ಷಕರಲ್ಲ, ಕೆಲಸ ಕಳೆದುಕೊಂಡ ಯಾವುದೋ ಬಸ್ ಚಾಲಕ. 1963ರ ಪ್ರಕರಣ ಮತ್ತೆ ಶುರುವಾದಂತೆ.

ಎರಡನೆಯದು ಕನಿಷ್ಠ ವೇತನ. ಇಲ್ಲಿ ಒಂಬತ್ತು ನ್ಯಾಯಮೂರ್ತಿಗಳಿಗೂ, ಸಂಸತ್ತಿಗೂ ಕಾಯಬೇಕಿಲ್ಲ. ವೇತನ ಸಂಹಿತೆಯ ‘ನೌಕರ’ ಎಂಬ ವ್ಯಾಖ್ಯೆಯ ಕೊನೆಯಲ್ಲಿ ಒಂದು ಸಣ್ಣ ಮಾತಿದೆ: ಸಂಬಂಧಪಟ್ಟ ಸರ್ಕಾರ ನೌಕರರೆಂದು ಘೋಷಿಸಿದವರೂ ನೌಕರರೇ. ರಾಜ್ಯದ ಖಾಸಗಿ ಶಾಲೆಗಳ ಮಟ್ಟಿಗೆ ಸಂಬಂಧಪಟ್ಟ ಸರ್ಕಾರವೆಂದರೆ ರಾಜ್ಯ ಸರ್ಕಾರ. ವಿಧಾನಸೌಧದಿಂದ ಹೊರಡುವ ಒಂದು ಪುಟದ ಅಧಿಸೂಚನೆ ಸಾಕು. ಅದನ್ನು ಹೊರಡಿಸಿದ ಮರುದಿನವೇ ಯಾರಾದರೂ ಕೇಳುತ್ತಾರೆ, ಹಾಗಾದರೆ ನಿಮ್ಮ ಅತಿಥಿ ಶಿಕ್ಷಕರ 12,000 ಏನು ಎಂದು.